ಕಣ್ಣಿನ ಹಿಂದಿನ ನರ

ಕಪ್ಪುಹಲಗೆಯ ಅಕ್ಷರಗಳು ಮಸುಕಾದರೆ ಕನ್ನಡಕ ಬೇಕೆಂದು ನಾವು ಹೇಳಿಬಿಡುತ್ತೇವೆ. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ಕನ್ನಡಕದಿಂದ ನೀಗದ ದೃಷ್ಟಿದೋಷವೂ ಉಂಟು. ಕಣ್ಣು ಬಿಂಬವನ್ನು ಹಿಡಿಯುತ್ತದೆ. ಅದನ್ನು ಅರಿಯುವುದು ಮಿದುಳು. ಇವೆರಡರ ನಡುವಣ ಸಂದೇಶವಾಹಕವೇ ದೃಷ್ಟಿನರ. ಒಂದೊಂದು ಕಣ್ಣಿನ ನರದಲ್ಲಿಯೂ ಸುಮಾರು 10 ಲಕ್ಷ ಎಳೆಗಳಿವೆ. ಮಿದುಳಿನ ತಳದಲ್ಲಿ ಎರಡು ನರಗಳೂ ಕೂಡುತ್ತವೆ. ಅಲ್ಲಿ ಅರ್ಧದಷ್ಟು ಎಳೆಗಳು ಎದುರು ಬದಿಗೆ ಹಾಯುತ್ತವೆ.

ಈ ರಚನೆಯೇ ವೈದ್ಯರಿಗೆ ರೋಗದ ನೆಲೆಯನ್ನು ತೋರಿಸುತ್ತದೆ. ಕೂಡುವ ಸ್ಥಳಕ್ಕಿಂತ ಮುಂಚೆ ಒಂದು ನರ ಕೆಟ್ಟರೆ ಆ ಒಂದು ಕಣ್ಣು ಮಾತ್ರ ಮಂಕಾಗುತ್ತದೆ. ಅದರಾಚೆ ಕೆಟ್ಟರೆ ಎರಡು ಕಣ್ಣುಗಳಿಗೂ ಒಂದೇ ಬದಿಯ ನೋಟ ತಪ್ಪುತ್ತದೆ. ಅಂಥವನು ದಾದರ್ ನಿಲ್ದಾಣದ ಹೊರಗೆ ರಸ್ತೆ ದಾಟುವಾಗ ಬಲಗಡೆಯ ಬಸ್ಸನ್ನು ಕಂಡರೂ ಎಡಗಡೆಯದನ್ನು ಕಾಣಲಾರನು.

ವೈದ್ಯರು ಕಣ್ಣಿಗೆ ಬೆಳಕು ಬಿಟ್ಟು ಪಾಪೆ ಕುಗ್ಗುವ ಬಗೆಯನ್ನು ನೋಡುತ್ತಾರೆ. ಕೆಂಪು ಬಣ್ಣವು ಎರಡು ಕಣ್ಣುಗಳಿಗೂ ಒಂದೇ ತೆರನಾಗಿ ತೋರುವುದೇ ಎಂದು ಕೇಳುತ್ತಾರೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಜಗತ್ತಿಗೆ ತಿಳಿಸಿದ ನೇತ್ರದರ್ಶಕದಿಂದ ನರದ ತುದಿಯನ್ನೇ ಕಾಣಬಹುದು. ಅದು ಊದಿಕೊಂಡಿದ್ದರೆ ತಲೆಬುರುಡೆಯೊಳಗೆ ಒತ್ತಡ ಹೆಚ್ಚಿರುವ ಸಂಭವವುಂಟು. ಆಗ ಮಿದುಳಿನ ಚಿತ್ರವನ್ನು ತೆಗೆಯಿಸುತ್ತಾರೆ.

ಚಿಕಿತ್ಸೆಯು ಕಾರಣವನ್ನು ಅನುಸರಿಸುತ್ತದೆ. ಗೆಡ್ಡೆಯು ನರವನ್ನು ಒತ್ತುತ್ತಿದ್ದರೆ ಶಸ್ತ್ರಕ್ರಿಯೆ ಬೇಕಾಗಬಹುದು. ನರದ ಉರಿಯೂತಕ್ಕೆ ಅನೇಕ ವೇಳೆ ಸ್ಟಿರಾಯ್ಡ್ ಕೊಡುತ್ತಾರೆ. ಕ್ಷಯರೋಗದ ಮದ್ದಾದ ಎಥಾಂಬ್ಯುಟಾಲ್ ಕೆಲವರ ದೃಷ್ಟಿನರವನ್ನು ಬಾಧಿಸುವುದುಂಟು. ಅದನ್ನು ಸೇವಿಸುವವರಿಗೆ ನೋಟ ಮಂಜಾದರೆ, ಕೆಂಪು-ಹಸಿರುಗಳ ಭೇದ ಕುಂದಿದರೆ, ಅಂದೇ ವೈದ್ಯರಿಗೆ ತಿಳಿಸಬೇಕು. ಯಾವ ಮದ್ದನ್ನು ನಿಲ್ಲಿಸಬೇಕೆಂದು ಅವರೇ ಹೇಳುವರು. ಕ್ಷಯದ ಮದ್ದುಗಳನ್ನೆಲ್ಲ ತಾವಾಗಿಯೇ ಬಿಟ್ಟುಬಿಡಬಾರದು.

2015ರ ಜೂನ್ ತಿಂಗಳಲ್ಲಿ ನಮ್ಮ ನಗರದ ಮಲಾಡ್ ಮಾಲವಣಿಯಲ್ಲಿ ವಿಷಮದ್ಯ ಕುಡಿದು ನೂರಕ್ಕೂ ಮಿಕ್ಕಿ ಜನರು ಮಡಿದರು. ಅದರಲ್ಲಿದ್ದ ಮೆಥನಾಲ್ ಶರೀರದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಡುತ್ತದೆ. ಪ್ರಾಣ ಉಳಿದರೂ ಆ ಆಮ್ಲವು ದೃಷ್ಟಿನರವನ್ನು ಸುಟ್ಟು ಕುರುಡಾಗಿಸಬಲ್ಲದು. ಪ್ರತಿವಿಷ ಹಾಗೂ ಯಂತ್ರದಿಂದ ಮಾಡುವ ರಕ್ತಶುದ್ಧಿ ಕೆಲವೇ ಗಂಟೆಗಳೊಳಗೆ ದೊರೆಯಬೇಕು.

ಒಮ್ಮೆ ಸತ್ತ ನರದ ಎಳೆ ಮತ್ತೆ ಬೆಳೆಯದು. ಆದುದರಿಂದ ಇಲ್ಲಿ ಕಾಲವಿಳಂಬವೇ ದೊಡ್ಡ ಶತ್ರು. ವಿದ್ಯಾರ್ಥಿಗಳೇ, ಒಂದು ಕಣ್ಣು ಹಠಾತ್ತನೆ ಮಂಜಾದರೆ, ಒಂದು ವಸ್ತು ಎರಡಾಗಿ ಕಂಡರೆ, ಬೆಳಗಿನ ತಲೆನೋವಿನೊಡನೆ ವಾಂತಿಯಾಗುತ್ತಿದ್ದರೆ, ಪರೀಕ್ಷೆ ಮುಗಿಯಲೆಂದು ಮುಚ್ಚಿಡಬೇಡಿರಿ. ಮನೆಯ ಹಿರಿಯರಿಗೂ ನಮಗೂ ಕೂಡಲೆ ತಿಳಿಸಿರಿ. ದಾದರಿನ ನೆರೆಯ ಪರೇಲಿನಲ್ಲಿ 1926ರಿಂದ ನಡೆಯುತ್ತಿರುವ ಕೆ.ಇ.ಎಂ. ಆಸ್ಪತ್ರೆಯಲ್ಲಿ ನೇತ್ರ ವಿಭಾಗವೂ ನರರೋಗ ವಿಭಾಗವೂ ಇವೆ.