ಪರದೆಯ ಮೇಲಣ ಹೆಸರು: ರಾಷ್ಟ್ರೀಯ ಸಿನಿಮಾ, ಚಿತ್ರೋತ್ಸವ ಮತ್ತು ಆದಿವಾಸಿ ನಟ

ಅಂತರರಾಷ್ಟ್ರೀಯ ಚಲನಚಿತ್ರೋತ್ಸವಗಳು ಒಂದೊಂದು ವರ್ಷ ಒಂದೊಂದು ದೇಶವನ್ನು ಆಯ್ದುಕೊಂಡು, ಆ ದೇಶದ ಸಿನಿಮಾಕ್ಕೆ ಪ್ರತ್ಯೇಕ ವಿಭಾಗವನ್ನೇ ಮೀಸಲಿಡುವುದು ಈಗ ರೂಢಿಯಾಗಿದೆ. 2024ರ ನವೆಂಬರ್‌ನಲ್ಲಿ ಗೋವೆಯಲ್ಲಿ ಜರುಗಿದ ಭಾರತದ 55ನೆಯ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಈ ಸ್ಥಾನ ಆಸ್ಟ್ರೇಲಿಯಾಕ್ಕೆ ದೊರೆತಿತ್ತು. ಇಂಥ ವಿಭಾಗಗಳು ಮೇಲುನೋಟಕ್ಕೆ ಕೇವಲ ರಸಿಕತೆಯ ಏರ್ಪಾಡುಗಳಂತೆ ಕಾಣುತ್ತವೆ. ಆದರೆ ಒಂದು ದೇಶದ ಹೆಸರಿನಲ್ಲಿ ಆರೇಳು ಚಿತ್ರಗಳನ್ನು ಒಟ್ಟುಗೂಡಿಸುವುದೆಂದರೆ ಆ ದೇಶ ಯಾರದು ಎಂಬ ಪ್ರಶ್ನೆಗೆ ಒಂದು ಉತ್ತರವನ್ನು ಕೊಟ್ಟಂತೆಯೇ ಸರಿ. ಆದಿವಾಸಿ ನಟನೊಬ್ಬ ಆ ರಾಷ್ಟ್ರೀಯ ಸಿನಿಮಾದ ಮುಖವಾಗಿ ನಿಂತಾಗ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಏಕೆಂದರೆ ಆತನ ಸಮುದಾಯ ಆ ರಾಷ್ಟ್ರಕ್ಕಿಂತ ಹಳೆಯದು. ಅನೇಕ ವೇಳೆ ಅದೇ ರಾಷ್ಟ್ರದಿಂದ ನೆಲ ಕಳೆದುಕೊಂಡದ್ದು.

ಆಸ್ಟ್ರೇಲಿಯಾದ ಡೇವಿಡ್ ಗುಲ್ಪಿಲಿಲ್ ಇದಕ್ಕೆ ಅತ್ಯಂತ ಸ್ಪಷ್ಟ ನಿದರ್ಶನ. ಆ ಖಂಡದ ಉತ್ತರದ ಆರ್ನ್‌ಹೆಮ್ ಲ್ಯಾಂಡ್ ಪ್ರದೇಶದ ಯೊಲ್ಂಗು ಜನಾಂಗಕ್ಕೆ ಸೇರಿದ ಈತ ಹುಟ್ಟಿದ್ದು ಸುಮಾರು 1953ರಲ್ಲಿ. ಬ್ರಿಟಿಷ್ ನಿರ್ದೇಶಕ ನಿಕೋಲಸ್ ರೋಗ್ ತನ್ನ 'ವಾಕಬೌಟ್' (1971) ಚಿತ್ರಕ್ಕಾಗಿ ಈ ಹದಿಹರೆಯದ ನರ್ತಕನನ್ನು ಆರಿಸಿಕೊಂಡನು. ಆ ಚಿತ್ರದಲ್ಲಿ ಮೂರು ಸಂಗತಿಗಳು ಗಮನಾರ್ಹವಾಗಿವೆ. ಗುಲ್ಪಿಲಿಲ್ ವಹಿಸಿದ ಪಾತ್ರಕ್ಕೆ ಹೆಸರೇ ಇಲ್ಲ. ಆತ ಬರಿಯ 'ಕಪ್ಪು ಹುಡುಗ'. ಆತ ಆಡುವ ಮಾತಿಗೆ ಅಡಿಬರಹವಿಲ್ಲ. ಬಿಳಿಯ ಮಕ್ಕಳಂತೆಯೇ ಪ್ರೇಕ್ಷಕನಿಗೂ ಅದು ಅರ್ಥವಾಗದ ಸದ್ದು. ನಟನ ಹೆಸರನ್ನು ಶೀರ್ಷಿಕೆಯಲ್ಲಿ ಗುಂಪಿಲಿಲ್ ಎಂದು ತಪ್ಪಾಗಿ ಮುದ್ರಿಸಲಾಯಿತು. ಪಾತ್ರಧಾರಿಗಳೆಲ್ಲ ಹೆಸರಿಲ್ಲದವರೇ, ಬಿಳಿಯ ಹುಡುಗಿಗೂ ಹೆಸರಿಲ್ಲ ಎಂಬ ಸಮಾಧಾನವನ್ನು ಇಲ್ಲಿ ಹೇಳಬಹುದು. ಆದರೆ ಆಕೆಯ ಮಾತು ಪ್ರೇಕ್ಷಕನಿಗೆ ತಿಳಿಯುತ್ತದೆ, ಆಕೆಯಾಗಿ ನಟಿಸಿದವಳ ಹೆಸರು ಸರಿಯಾಗಿಯೇ ಮುದ್ರಿತವಾಗಿದೆ.

ಆ ನಂತರದ ಮೂರು ದಶಕಗಳಲ್ಲಿ 'ಸ್ಟಾರ್ಮ್ ಬಾಯ್' (1976), 'ದಿ ಲಾಸ್ಟ್ ವೇವ್' (1977), 'ರ‍್ಯಾಬಿಟ್ ಪ್ರೂಫ್ ಫೆನ್ಸ್' (2002) ಮೊದಲಾದ ಚಿತ್ರಗಳಿಂದ ಗುಲ್ಪಿಲಿಲ್ ಆಸ್ಟ್ರೇಲಿಯಾದ ಸಿನಿಮಾಕ್ಕೆ ಬಿಡಿಸಲಾಗದಂತೆ ಬೆಸೆದುಕೊಂಡನು. ಅಡಿಲೇಡ್ ಚಲನಚಿತ್ರೋತ್ಸವ 2003ರಲ್ಲಿ ತನ್ನ ಮೊದಲ ಡಾನ್ ಡನ್‌ಸ್ಟನ್ ಪ್ರಶಸ್ತಿಯನ್ನು ಈತನಿಗೇ ನೀಡಿತು. ಆದರೆ ನಿಜವಾದ ತಿರುವು ನಿರ್ದೇಶಕ ರಾಲ್ಫ್ ಡಿ ಹೀರ್ ಜೊತೆಗಿನ ಒಡನಾಟದಿಂದ ಒದಗಿತು. ಮಾನವಶಾಸ್ತ್ರಜ್ಞ ಡೊನಾಲ್ಡ್ ಥಾಮ್ಸನ್ 1930ರ ದಶಕದಲ್ಲಿ ತೆಗೆದ, ಜೌಗು ನೀರಿನಲ್ಲಿ ತೊಗಟೆಯ ದೋಣಿಗಳನ್ನು ನಡೆಸುತ್ತಿರುವ ಹತ್ತು ಮಂದಿಯ ಛಾಯಾಚಿತ್ರವೊಂದನ್ನು ಗುಲ್ಪಿಲಿಲ್ ಡಿ ಹೀರ್‌ಗೆ ತೋರಿಸಿದ್ದೇ 'ಟೆನ್ ಕನೂಸ್' (2006) ಚಿತ್ರಕ್ಕೆ ಬೀಜವಾಯಿತು. ಪಾತ್ರಗಳೆಲ್ಲ ಆದಿವಾಸಿ ಭಾಷೆಯಲ್ಲಿಯೇ ಮಾತನಾಡುವ ಮೊದಲ ಆಸ್ಟ್ರೇಲಿಯನ್ ಕಥಾಚಿತ್ರವದು. ಇಲ್ಲಿ ಅಡಿಬರಹದ ಅಗತ್ಯ ಬಿದ್ದದ್ದು ಇಂಗ್ಲಿಷ್ ಪ್ರೇಕ್ಷಕನಿಗೆ. 'ವಾಕಬೌಟ್' ಚಿತ್ರದಲ್ಲಿ ಅರ್ಥಹೀನ ಸದ್ದಾಗಿ ಉಳಿದಿದ್ದದ್ದು ಮೂವತ್ತೈದು ವರ್ಷಗಳ ತರುವಾಯ ಕಥನದ ಭಾಷೆಯಾಯಿತು. ಭಾಷೆ ಮತ್ತು ಯಜಮಾನಿಕೆಯ ಸಂಬಂಧವನ್ನು ಇಷ್ಟು ನೇರವಾಗಿ ಕಾಣಿಸುವ ಇನ್ನೊಂದು ಉದಾಹರಣೆ ಸಿನಿಮಾ ಚರಿತ್ರೆಯಲ್ಲಿ ಸುಲಭವಾಗಿ ದೊರೆಯದು.

ಡಿ ಹೀರ್ ಜೊತೆ ತಾನೂ ಚಿತ್ರಕಥೆ ಬರೆದ 'ಚಾರ್ಲೀಸ್ ಕಂಟ್ರಿ'ಗಾಗಿ ಗುಲ್ಪಿಲಿಲ್ 2014ರ ಕಾನ್ ಉತ್ಸವದ 'ಅನ್ ಸರ್ಟೇನ್ ರಿಗಾರ್ಡ್' ವಿಭಾಗದಲ್ಲಿ ಅತ್ಯುತ್ತಮ ನಟನೆನಿಸಿಕೊಂಡನು. ಪರದೇಶದ ಹೆಸರುಗಳನ್ನು ಉಚ್ಚರಿಸುವುದು ಕಷ್ಟವೆಂದು ವೈದ್ಯನೊಬ್ಬ ಅಲ್ಲಿ ಚಾರ್ಲಿಗೆ ಹೇಳುತ್ತಾನೆ. ಈ ನೆಲದ ಮೂಲನಿವಾಸಿಯಾದ ಚಾರ್ಲಿ ತನ್ನ ನೆಲದಲ್ಲಿಯೇ ಪರದೇಶಿಯಾಗಿಬಿಡುತ್ತಾನೆ.

ಈ ಕಥೆಯನ್ನು ಕನ್ನಡ ನಾಡಿನಲ್ಲಿ ಕುಳಿತು ಓದುವವರಿಗೆ ಸಾಬೂ ನೆನಪಾಗದಿರಲಾರ. ಮೈಸೂರು ಸಂಸ್ಥಾನದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಈ ಮಾವುತನ ಮಗನನ್ನು ರಾಬರ್ಟ್ ಫ್ಲಾಹರ್ಟಿಯ ತಂಡ 'ಎಲಿಫೆಂಟ್ ಬಾಯ್' (1937) ಚಿತ್ರಕ್ಕಾಗಿ ಕಂಡುಹಿಡಿಯಿತು. ಈತ 'ದಿ ಥೀಫ್ ಆಫ್ ಬಾಗ್ದಾದ್' (1940), 'ಜಂಗಲ್ ಬುಕ್' (1942) ಚಿತ್ರಗಳ ಮೂಲಕ ಜಗತ್ಪ್ರಸಿದ್ಧನಾದನು. 1944ರಲ್ಲಿ ಅಮೆರಿಕದ ಪೌರತ್ವ ಪಡೆದನು. 1963ರಲ್ಲಿ ಅಲ್ಲಿಯೇ ತೀರಿಕೊಂಡನು. ಈತನ ಹೆಸರಿನೊಂದಿಗೆ ಅಂಟಿಕೊಂಡ 'ದಸ್ತಗೀರ್' ವಾಸ್ತವವಾಗಿ ಅಣ್ಣನ ಹೆಸರು. ಗುಲ್ಪಿಲಿಲ್‌ನ ಅಕ್ಷರ ತಪ್ಪಿದಂತೆ ಇಲ್ಲಿ ಹೆಸರೇ ಅದಲುಬದಲಾಯಿತು. ಸಾಬೂ ಮುಸ್ಲಿಂ ಮಾವುತ ಕುಟುಂಬದವನೇ ಹೊರತು ಆದಿವಾಸಿಯಲ್ಲ ಎಂಬುದನ್ನು ಮರೆಯುವಂತಿಲ್ಲ. ಕಾಕನಕೋಟೆಯ ಖೆಡ್ಡಾಗಳಲ್ಲಿ ಆನೆಗಳ ಜಾಡು ಹಿಡಿಯುತ್ತಿದ್ದ, ಅವನ್ನು ಅಟ್ಟುತ್ತಿದ್ದ ಜೇನುಕುರುಬ, ಬೆಟ್ಟಕುರುಬರ ಹೆಸರುಗಳಂತೂ ಯಾವ ಶೀರ್ಷಿಕೆಯಲ್ಲಿಯೂ ಸೇರಲಿಲ್ಲ.

ಕನ್ನಡ ಸಿನಿಮಾದ ಸ್ಥಿತಿ ಇದಕ್ಕಿಂತ ಭಿನ್ನವಾಗಿತ್ತೆನ್ನಲು ಆಧಾರಗಳು ಕಡಿಮೆ. ಕಾಡುಕುರುಬರನ್ನು ಕುರಿತ ಮಾಸ್ತಿಯವರ 'ಕಾಕನಕೋಟೆ' ನಾಟಕವನ್ನು ಸಿ.ಆರ್. ಸಿಂಹ 1970ರ ದಶಕದಲ್ಲಿ ಚಲನಚಿತ್ರವಾಗಿಸಿದಾಗ ಮುಖ್ಯ ಪಾತ್ರಗಳನ್ನು ವಹಿಸಿದವರು ನಗರದ ನಟರು. ಅದು ಆ ಕಾಲದ ಸಹಜ ಕ್ರಮವೇ ಆಗಿತ್ತು. ಚಿತ್ರದ ಯೋಗ್ಯತೆಯನ್ನು ಅದರಿಂದ ಅಳೆಯಬೇಕಿಲ್ಲ. ಆದಿವಾಸಿ ಪಾತ್ರಕ್ಕೆ ಆದಿವಾಸಿಯನ್ನೇ ತಂದಾಗಲೂ ಸಮಸ್ಯೆ ತೀರುವುದಿಲ್ಲ: ಕುರೊಸಾವನ 'ದೆರ್ಸು ಉಜಾಲಾ' (1975) ಚಿತ್ರದಲ್ಲಿ ನಾನಾಯ್ ಬೇಟೆಗಾರನಾಗಿ ಅಭಿನಯಿಸಿದ ಮಾಕ್ಸಿಮ್ ಮುಂಜುಕ್ ಸಾವಿರಾರು ಮೈಲಿ ದೂರದ ತುವಾ ಜನಾಂಗದವನು. ಇತ್ತೀಚೆಗೆ ನೀನಾಸಮ್ ತರಬೇತಿಯಿಂದ ಬಂದ ಪ್ರಶಾಂತ್ ಸಿದ್ದಿ 'ಪರಮಾತ್ಮ' (2011) ಮುಂತಾದ ಚಿತ್ರಗಳಲ್ಲಿ ಸ್ವಂತ ಹೆಸರಿನಿಂದ, ಸಮುದಾಯದ ಹೆಸರನ್ನೂ ಉಳಿಸಿಕೊಂಡು ಕಾಣಿಸಿಕೊಂಡಿರುವುದು ಒಂದು ಬದಲಾವಣೆ. ಆಫ್ರಿಕಾ ಮೂಲದ ಸಿದ್ದಿಯರು ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 'ಮೂಲನಿವಾಸಿ' ಮತ್ತು 'ಪರಿಶಿಷ್ಟ ಪಂಗಡ' ಒಂದೇ ಅಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆಸ್ಟ್ರೇಲಿಯಾದ ಪರಿಭಾಷೆಯನ್ನು ಇಲ್ಲಿಗೆ ಹಾಗೆಯೇ ತಂದು ಹಚ್ಚಲಾಗದು.

ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಆರಂಭವಾದದ್ದು 2006ರಲ್ಲಿ. ಅನೇಕ ವರ್ಷ ಅದು ರಾಜಾಜಿನಗರದ ಒರಾಯನ್ ಮಾಲ್‌ನಲ್ಲಿ ನಡೆಯಿತು. ಪೀಣ್ಯದಿಂದ ಮೆಟ್ರೊ ಹತ್ತಿದರೆ ಕೆಲವೇ ನಿಲ್ದಾಣಗಳ ದಾರಿ. ಆದರೆ ವಾರದ ದಿನಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಡೆಯುವ ಪ್ರದರ್ಶನಗಳಿಗೂ ಪೀಣ್ಯದ ಪಾಳಿಯ ಕೆಲಸಕ್ಕೂ ಹೊಂದಿಕೆಯಾಗುವುದು ಕಷ್ಟ. ಈ ಹೊರವಲಯದ ಭೂಪಟವೂ ಹೆಸರುಗಳ ಒಂದು ಕಥೆಯೇ. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ನರ ನೆಲೆಗೆ ಶ್ರಮಿಸಿದ ಡಿ.ಎಸ್. ವೈಟ್ ಹೆಸರನ್ನು ಹೊತ್ತಿದೆ. ಎಲೆಕ್ಟ್ರಾನಿಕ್ ಸಿಟಿಯ ಅಡಿಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳಿವೆ. ಅಲ್ಲಿಂದ ಅಷ್ಟೇನೂ ದೂರವಲ್ಲದ ಬೇಗೂರಿನ, ಸುಮಾರು ಕ್ರಿ.ಶ. 890ರ ವೀರಗಲ್ಲಿನ ಶಾಸನ ಬೆಂಗಳೂರಿನ ಕಾಳಗವನ್ನು ಪ್ರಸ್ತಾಪಿಸುತ್ತದೆ. ಊರಿನ ಹೆಸರಿಗಾಗಿ ಅದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಅದನ್ನು ನೆಟ್ಟದ್ದು ಊರಿಗಾಗಿಯಲ್ಲ, ಆ ಕಾಳಗದಲ್ಲಿ ಸತ್ತ ಬುಟ್ಟಣಸೆಟ್ಟಿಗಾಗಿ.

ಸತ್ತವನ ಹೆಸರನ್ನು ಕಲ್ಲಿನಲ್ಲಿ ಕೊರೆಯುವುದು ಈ ನೆಲದ ಸಂಪ್ರದಾಯ. ಸತ್ತವನ ಹೆಸರನ್ನು ಕೆಲವು ಕಾಲ ಉಚ್ಚರಿಸದಿರುವುದು, ಆತನ ಚಿತ್ರವನ್ನು ತೋರಿಸದಿರುವುದು ಯೊಲ್ಂಗು ಸಂಪ್ರದಾಯ. ಎರಡರ ಹಿಂದಿರುವುದೂ ಹೆಸರಿನ ಬಗೆಗಿನ ಗೌರವವೇ. ಗುಲ್ಪಿಲಿಲ್ 2021ರ ನವೆಂಬರ್ 29ರಂದು ತೀರಿಕೊಂಡಾಗ ಕುಟುಂಬದವರ ಕೋರಿಕೆಯಂತೆ ಪತ್ರಿಕೆಗಳು ಕೆಲವು ಕಾಲ ಆತನನ್ನು ಡೇವಿಡ್ ದಲೈತ್ಂಗು ಎಂದು ಕರೆದವು. ಮುಂದೆ ಕುಟುಂಬವೇ ಅನುಮತಿ ನೀಡಿದ ಮೇಲೆ ಹಳೆಯ ಹೆಸರು ಮರಳಿತು. ಅದೇ ವರ್ಷದ ಮಾರ್ಚ್‌ನಲ್ಲಿ, ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಆತ ತನ್ನ ಸಾವಿನ ಬಗ್ಗೆ ತಾನೇ ಮಾತನಾಡಿರುವ ಸಾಕ್ಷ್ಯಚಿತ್ರ ಅಡಿಲೇಡ್‌ನಲ್ಲಿ ಮೊದಲ ಪ್ರದರ್ಶನ ಕಂಡಿತ್ತು. ಮಾಲಿ ರೆನಾಲ್ಡ್ಸ್ ನಿರ್ದೇಶಿಸಿದ ಆ ಚಿತ್ರದ ಶೀರ್ಷಿಕೆಯ ಅರ್ಥ 'ನನ್ನ ಹೆಸರು ಗುಲ್ಪಿಲಿಲ್'. ಐವತ್ತು ವರ್ಷಗಳ ಹಿಂದೆ ತಪ್ಪಾಗಿ ಮುದ್ರಿತವಾಗಿದ್ದ ಹೆಸರು ಅದರಲ್ಲಿ ಸರಿಯಾದ ಅಕ್ಷರಗಳಲ್ಲಿದೆ.