ಉದ್ಯೋಗದಲ್ಲಿರುವ ವಯಸ್ಕರು ಮುಂದೆ ಯಾವ ಪದವಿಯನ್ನು ವ್ಯಾಸಂಗ ಮಾಡತಕ್ಕದ್ದು?

(ಹುಲ್ಲಹಳ್ಳಿ ಪ್ರಾಂತದ ಗ್ರಾಮಮುಖಂಡರಿಗೂ ಜಮೀನುದಾರರಿಗೂ ಕೆಲವು ಸೂಚನೆಗಳು)

ಕಪಿಲಾ ನದಿಗೆ ಕಟ್ಟಿರುವ ಹುಲ್ಲಹಳ್ಳಿಯ ಅಣೆಕಟ್ಟಿನಿಂದ ನೀರುಣ್ಣುವ ಗ್ರಾಮಗಳಲ್ಲಿ ಬೇಸಾಯದ ಜೊತೆಗೆ ಸಂಬಳದ ಕೆಲಸವನ್ನೂ ಅವಲಂಬಿಸಿರುವ ಕುಟುಂಬಗಳು ಅನೇಕವಿವೆ. ಮನೆಯ ಒಬ್ಬ ಮಗನು ನಂಜನಗೂಡಿನ ಕಾರ್ಖಾನೆಯಲ್ಲಿಯೋ, ಇನ್ನೊಬ್ಬನು ಸಹಕಾರ ಸಂಘದಲ್ಲಿಯೋ, ಮತ್ತೊಬ್ಬನು ಗೊಬ್ಬರದ ಅಂಗಡಿಯಲ್ಲಿಯೋ ದುಡಿಯುತ್ತಿರುತ್ತಾನೆ. ಇಂಥವರು ಮೂವತ್ತು ನಲವತ್ತು ವಯಸ್ಸಿಗೆ ಬಂದಾಗ, "ಇನ್ನೊಂದು ಪದವಿಯನ್ನು ಪಡೆದರೆ ಮೇಲುಂಟೋ? ಉಂಟಾದರೆ ಯಾವ ಪದವಿ?" ಎಂದು ಯೋಚಿಸುವುದು ಸಹಜವೇ. ಈ ಪ್ರಶ್ನೆಯು ಕೊನೆಗೆ ಮನೆಯ ಹಿರಿಯರ ಮತ್ತು ಊರ ಮುಖಂಡರ ಮುಂದೆಯೇ ಬರುತ್ತದೆ. ಏಕೆಂದರೆ ವ್ಯಾಸಂಗದ ಖರ್ಚು ಬರತಕ್ಕದ್ದು ಜಮೀನಿನಿಂದ. ವ್ಯಾಸಂಗಕ್ಕೆ ಹೋದವನ ಕೆಲಸವನ್ನು ಹೊರತಕ್ಕವರೂ ಜಮೀನಿನಲ್ಲಿರುವವರೇ. ಆದಕಾರಣ ಈ ವಿಷಯವು ವ್ಯವಸಾಯಕ್ಕೆ ಹೊರಗಿನದೆಂದು ಭಾವಿಸಲಾಗದು.

೧. ಮೊದಲು ಉದ್ದೇಶವನ್ನು ಗೊತ್ತುಮಾಡಿಕೊಳ್ಳಬೇಕು

ನೆಲವನ್ನು ನೋಡದೆ ಬೀಜವನ್ನು ಆರಿಸುವ ರೈತನಿಲ್ಲ. ಎರೆಭೂಮಿಗೆ ಒಂದು ತಳಿ, ಕೆಂಪುಭೂಮಿಗೆ ಇನ್ನೊಂದು. ಪದವಿಯ ವಿಷಯದಲ್ಲಾದರೋ ಅನೇಕರು ನೆರೆಮನೆಯವನು ಯಾವುದನ್ನು ಓದಿದನೋ ಅದನ್ನೇ ತಾವೂ ಓದಹೊರಡುತ್ತಾರೆ. ಉದ್ದೇಶಗಳು ಸ್ಥೂಲವಾಗಿ ನಾಲ್ಕು ವಿಧ: (ಅ) ಈಗಿರುವ ಕೆಲಸದಲ್ಲಿಯೇ ಬಡ್ತಿ, (ಆ) ಕಾನೂನಿನಿಂದ ವಿಧಿಸಲ್ಪಟ್ಟ ಅರ್ಹತೆ, (ಇ) ಬೇರೆ ವೃತ್ತಿಗೆ ಹೋಗುವುದು, (ಈ) ಸ್ವಂತ ಬೇಸಾಯವನ್ನು ಉತ್ತಮಪಡಿಸುವುದು. ಒಂದು ಉದ್ದೇಶಕ್ಕೆ ಸಲ್ಲುವ ಪದವಿಯು ಇನ್ನೊಂದಕ್ಕೆ ಸಲ್ಲುವುದಿಲ್ಲ.

ಬಡ್ತಿಯ ವಿಷಯದಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೊಂದುಂಟು. ಸರ್ಕಾರದ ಪ್ರತಿಯೊಂದು ಇಲಾಖೆಗೂ ವೃಂದ ಮತ್ತು ನೇಮಕಾತಿ ನಿಯಮಗಳಿವೆ. ಯಾವ ಹುದ್ದೆಯಿಂದ ಯಾವ ಹುದ್ದೆಗೆ, ಎಷ್ಟು ವರ್ಷಗಳ ಸೇವೆಯ ಮೇಲೆ, ಯಾವ ವಿದ್ಯಾರ್ಹತೆಯಿಂದ ಏರಬಹುದೆಂಬುದು ಅವುಗಳಲ್ಲಿ ಸ್ಪಷ್ಟವಾಗಿರುತ್ತದೆ. ಅನೇಕ ಹುದ್ದೆಗಳಲ್ಲಿ ಬಡ್ತಿಗೆ ಬೇಕಾದುದು ಹೊಸ ಪದವಿಯಲ್ಲ. ಸೇವಾ ಹಿರಿತನ ಮತ್ತು ಲೋಕಸೇವಾ ಆಯೋಗದವರು ನಡೆಸುವ ಇಲಾಖಾ ಪರೀಕ್ಷೆಗಳಲ್ಲಿ ತೇರ್ಗಡೆ. ನಿಯಮವನ್ನು ಓದದೆ ಎರಡು ವರ್ಷ ಎಂ.ಎ. ವ್ಯಾಸಂಗ ಮಾಡಿ, ಇಲಾಖಾ ಪರೀಕ್ಷೆಗೆ ಕುಳಿತುಕೊಳ್ಳದೆ ಇದ್ದವನು ಕಾಲುವೆಯನ್ನು ಬಿಟ್ಟು ಬಾವಿಯನ್ನು ತೋಡಿದಂತಾಗುತ್ತದೆ. ಸರ್ಕಾರಿ ನೌಕರನು ವ್ಯಾಸಂಗಕ್ಕೆ ಸೇರುವುದಕ್ಕೆ ಮುಂಚೆ ಮೇಲಧಿಕಾರಿಗಳ ಅನುಮತಿಯನ್ನು ಬರವಣಿಗೆಯಲ್ಲಿ ಪಡೆಯುವುದೂ ಅವಶ್ಯಕ.

೨. ವ್ಯವಸಾಯ ವಿದ್ಯಾಭ್ಯಾಸದ ಪೂರ್ವಚರಿತ್ರೆ

ಪದವಿಗಳು ಕಾಲಕಾಲಕ್ಕೆ ಬದಲಾಗುತ್ತವೆಂಬುದಕ್ಕೆ ನಮ್ಮ ಸೀಮೆಯ ವ್ಯವಸಾಯ ವಿದ್ಯಾಭ್ಯಾಸವೇ ನಿದರ್ಶನ. ೧೮೯೯ರಲ್ಲಿ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ ೩೦ ಎಕರೆ ಭೂಮಿಯನ್ನು ಪ್ರಯೋಗ ಕ್ಷೇತ್ರಕ್ಕಾಗಿ ದಯಪಾಲಿಸಿದರು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಮೊದಲನೆಯ ಡೈರೆಕ್ಟರಾದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ ಅಲ್ಲಿ ವ್ಯವಸಾಯ ಶಾಲೆಯು ಏರ್ಪಟ್ಟು, ಎಲ್.ಎಜಿ. ಎಂಬ ಲೈಸೆನ್ಷಿಯೇಟ್ ಪ್ರಶಸ್ತಿಯು ಕೊಡಲ್ಪಡುತ್ತಿದ್ದಿತು. ೧೯೪೬ರಲ್ಲಿ ಆ ಶಾಲೆಯು ಕಾಲೇಜಾಗಿ ಬಿ.ಎಸ್‌ಸಿ. ಪದವಿಯು ಬಂದಿತು. ೧೯೬೪ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೆ ಉನ್ನತ ಪದವಿಗಳೂ ಸಂಶೋಧನೆಯೂ ಅಲ್ಲಿ ವಿಸ್ತಾರಗೊಂಡವು. ಒಂದು ತಲೆಮಾರಿನಲ್ಲಿ ಸಾಕೆನಿಸಿದ ಪ್ರಶಸ್ತಿಯು ಮುಂದಿನ ತಲೆಮಾರಿಗೆ ಸಾಲದಾಯಿತು. ಹೀಗಿದ್ದರೂ, ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಮಾಡಿ ಇಂಡಾಫ್ ತಳಿಗಳನ್ನು ಒದಗಿಸಿದಾಗ ರೈತನು ಕೇಳಿದ್ದು ತೆನೆಯ ತೂಕವನ್ನೇ ಹೊರತು ಪ್ರಶಸ್ತಿಪತ್ರವನ್ನಲ್ಲ. ಪದವಿಯು ಬಾಗಿಲನ್ನು ತೆರೆಯಬಲ್ಲದು. ಒಳಗೆ ನಡೆಯಬೇಕಾದುದು ಕೆಲಸವೇ.

೩. ಕೆಲಸದಲ್ಲಿದ್ದುಕೊಂಡೇ ಓದಬಹುದಾದವು, ಓದಲಾಗದವು

ಈ ಭೇದವನ್ನು ತಿಳಿಯದೆ ಹಣ ಕಳೆದುಕೊಳ್ಳುವ ಸಂಭವವುಂಟು. ಬಿ.ಎಸ್‌ಸಿ. ಕೃಷಿ ಪದವಿಯು ನಾಲ್ಕು ವರ್ಷದ ಪೂರ್ಣಕಾಲದ ವ್ಯಾಸಂಗ. ಅದರ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ತಂಗಿ ಕಾರ್ಯಾನುಭವವನ್ನು ಪಡೆಯುವುದನ್ನು ವಾಚಕರಲ್ಲಿ ಹಲವರು ತಮ್ಮ ಊರುಗಳಲ್ಲಿಯೇ ಕಂಡಿರಬಹುದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ ೨೦೨೦ರ ನಿಬಂಧನೆಗಳು ಕೃಷಿ, ತೋಟಗಾರಿಕೆ, ಎಂಜಿನಿಯರಿಂಗ್, ವೈದ್ಯ ಮತ್ತು ಕಾನೂನು ಪದವಿಗಳನ್ನು ದೂರಶಿಕ್ಷಣದಲ್ಲಿ ನೀಡುವುದನ್ನು ನಿಷೇಧಿಸಿವೆ. ಆದುದರಿಂದ ಅಂಚೆಯ ಮೂಲಕವೋ ಮೊಬೈಲಿನ ಮೂಲಕವೋ ಕೃಷಿ ಪದವಿಯನ್ನು ಕೊಡಿಸುವೆವೆಂದು ಹೇಳುವವರನ್ನು ನಂಬತಕ್ಕದ್ದಲ್ಲ.

ಜಮೀನಿನ ವ್ಯಾಜ್ಯಗಳನ್ನು ಕಂಡ ಮನೆಗಳಲ್ಲಿ ಎಲ್‌ಎಲ್.ಬಿ. ಓದುವ ಆಸೆ ಹುಟ್ಟುವುದುಂಟು. ಪದವೀಧರರಿಗೆ ಇದು ಮೂರು ವರ್ಷದ ವ್ಯಾಸಂಗ. ವಕೀಲರ ಪರಿಷತ್ತಿನ ೨೦೦೮ರ ನಿಯಮಗಳಂತೆ ಶೇಕಡ ೭೦ ಹಾಜರಾತಿಯು ಕಡ್ಡಾಯ. ಪಾಠಗಳು ನಡೆಯುವುದು ಹಗಲಿನಲ್ಲಿ. ಕಾರ್ಖಾನೆಯ ಪಾಳಿಯನ್ನೂ ಕಾನೂನು ಕಾಲೇಜಿನ ಹಾಜರಾತಿಯನ್ನೂ ಒಬ್ಬನೇ ನಿರ್ವಹಿಸುವುದು ದುಸ್ಸಾಧ್ಯ.

ಕೆಲಸವನ್ನು ಬಿಡದೆ ಓದಬಹುದಾದವು ಬಿ.ಎ., ಬಿ.ಕಾಂ., ಎಂ.ಎ., ಎಂ.ಕಾಂ., ಎಂ.ಬಿ.ಎ. ಮುಂತಾದವು. ಮೈಸೂರಿನ ಮುಕ್ತಗಂಗೋತ್ರಿಯಲ್ಲಿ ೧೯೯೬ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ, ೧೯೮೫ರಲ್ಲಿ ಏರ್ಪಟ್ಟ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ ಇವನ್ನು ನಡೆಸುತ್ತಿವೆ. ನಮ್ಮ ತಾಲ್ಲೂಕಿನವರಿಗೆ ಮೈಸೂರು ಸಮೀಪವಾದುದರಿಂದ ಸಂಪರ್ಕ ತರಗತಿಗಳಿಗೆ ಹೋಗಿ ಸಂಜೆಗೆ ಹಿಂದಿರುಗಬಹುದು. ದೂರಶಿಕ್ಷಣದ ಬಿ.ಎಡ್. ಮಾತ್ರ ಶಿಕ್ಷಕ ತರಬೇತಿಯನ್ನು ಮೊದಲೇ ಪಡೆದವರಿಗೆ ಮೀಸಲೆಂಬುದನ್ನು ನೆನಪಿಡಬೇಕು. ಪಿ.ಯು. ಮುಗಿಸದೆ ನಿಂತವರು ಮೊದಲು ಖಾಸಗಿ ಅಭ್ಯರ್ಥಿಯಾಗಿ ಆ ಪರೀಕ್ಷೆಯನ್ನು ಮುಗಿಸುವುದೇ ಸರಿಯಾದ ಕ್ರಮ. ಮದುವೆಯಾಗಿ ಬಂದು ಓದನ್ನು ನಿಲ್ಲಿಸಿದ ಸೊಸೆಯಂದಿರಿಗೂ ಈ ದಾರಿಯು ತೆರೆದಿದೆ. ಮನೆಯವರು ಇದನ್ನು ಮರೆಯಬಾರದು.

೪. ಯಾರಿಗೆ ಯಾವುದು ತಕ್ಕದ್ದು?

(ಅ) ಸಹಕಾರ ಸಂಘ, ಬ್ಯಾಂಕು ಮತ್ತು ಲೆಕ್ಕಪತ್ರಗಳ ಕೆಲಸದಲ್ಲಿರುವವರಿಗೆ ಬಿ.ಕಾಂ., ಅದರ ಮೇಲೆ ಎಂ.ಕಾಂ. ಪ್ರಯೋಜನಕರ. ಜಮಾಖರ್ಚನ್ನು ಪ್ರತಿದಿನವೂ ಬರೆಯುವವನಿಗೆ ಪುಸ್ತಕದಲ್ಲಿರುವುದು ಬೇಗನೆ ಅರ್ಥವಾಗುತ್ತದೆ. ಸಂಘದ ನೌಕರರಿಗಾಗಿಯೇ ಇರುವ ಸಹಕಾರ ಡಿಪ್ಲೊಮಾವನ್ನು ಮೊದಲು ವಿಚಾರಿಸುವುದು ಲೇಸು.

(ಆ) ಗೊಬ್ಬರ ಮತ್ತು ಔಷಧಿ ಮಾರುವವರಿಗೆ ೨೦೧೫ರಿಂದ ಕೇಂದ್ರ ಸರ್ಕಾರದವರು ವಿದ್ಯಾರ್ಹತೆಯನ್ನು ವಿಧಿಸಿದ್ದಾರೆ. ಇವರಿಗಾಗಿ ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯವರು ೨೦೦೩ರಲ್ಲಿ ಆರಂಭಿಸಿದ ದೇಸಿ ಎಂಬ ಒಂದು ವರ್ಷದ ಡಿಪ್ಲೊಮಾ ಇದೆ. ವಾರಕ್ಕೊಂದು ದಿನದಂತೆ ೪೮ ವಾರಗಳು. ೪೦ ಪಾಠಗಳು, ೮ ಕ್ಷೇತ್ರ ಸಂದರ್ಶನಗಳು. ಅಂಗಡಿಯನ್ನು ಮುಚ್ಚಬೇಕಾದುದಿಲ್ಲ. ಇಂಥವನು ಎಂ.ಬಿ.ಎ. ಓದಹೊರಡುವುದಕ್ಕಿಂತ ಇದನ್ನು ಮುಗಿಸುವುದು ಅವನಿಗೂ ಹಿತ, ಅವನ ಮಾತಿನಂತೆ ಔಷಧಿ ಸಿಂಪಡಿಸುವ ರೈತನಿಗೂ ಹಿತ.

(ಇ) ಕೃಷಿ ಪದವಿಯನ್ನು ಪಡೆದು ಇಲಾಖೆಯಲ್ಲಿರುವವರು ಎಂ.ಎಸ್‌ಸಿ.ಗೆ ಹೋಗುವುದಾದರೆ ಎರಡು ವರ್ಷದ ರಜೆಯು ಬೇಕಾಗುತ್ತದೆ. ಮಣ್ಣಿನ ಪರೀಕ್ಷಾಲಯದಲ್ಲಿರುವವರಿಗೆ ಮಣ್ಣುವಿಜ್ಞಾನವೂ, ರೈತರ ನಡುವೆ ಇರುವವರಿಗೆ ಬೇಸಾಯಶಾಸ್ತ್ರ ಅಥವಾ ಕೃಷಿ ವಿಸ್ತರಣೆಯೂ ತಕ್ಕವು. ರಜೆಯು ದೊರೆಯದವರು ಮೇಲೆ ಹೇಳಿದ ಮ್ಯಾನೇಜ್ ಸಂಸ್ಥೆಯ ಕೃಷಿ ವಿಸ್ತರಣಾ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾವನ್ನು ದೂರಶಿಕ್ಷಣದಲ್ಲಿ ಪಡೆಯಬಹುದು.

(ಈ) ಸ್ವಂತ ಬೇಸಾಯವನ್ನು ಉತ್ತಮಪಡಿಸಿಕೊಳ್ಳುವುದೇ ಉದ್ದೇಶವಾದರೆ ಪದವಿಯ ಅವಶ್ಯಕತೆಯೇ ಇರದು. ನಂಜನಗೂಡಿನ ರಸಬಾಳೆಯ ತೋಟಗಳನ್ನು ಹಾಳುಮಾಡಿದ ಪನಾಮಾ ಸೊರಗು ರೋಗದ ಶಿಲೀಂಧ್ರವು ಮಣ್ಣಿನಲ್ಲಿ ವರ್ಷಾನುಗಟ್ಟಲೆ ಉಳಿಯುತ್ತದೆ. ರೋಗ ತಗುಲಿದ ಕಂದುಗಳ ಮೂಲಕ ಒಂದು ತೋಟದಿಂದ ಇನ್ನೊಂದಕ್ಕೆ ಹರಡುತ್ತದೆ. ಅದನ್ನು ತಡೆಯಲು ಬೇಕಾದುದು ಶುದ್ಧವಾದ ಸಸಿ ಮತ್ತು ಬೆಳೆ ಪರಿವರ್ತನೆಯ ಜ್ಞಾನ, ಸಮಾಜಶಾಸ್ತ್ರದ ಎಂ.ಎ. ಅಲ್ಲ. ಇಂಥ ಜ್ಞಾನಕ್ಕೆ ನಮ್ಮ ತಾಲ್ಲೂಕಿನ ಸುತ್ತೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದ ಅಲ್ಪಾವಧಿ ತರಬೇತಿಗಳು ಸಾಕು. ರೇಷ್ಮೆಗಾಗಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯನ್ನೂ, ಆಹಾರ ಪದಾರ್ಥಗಳ ಸಂಸ್ಕರಣೆಗಾಗಿ ಅದೇ ನಗರದಲ್ಲಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವನ್ನೂ ವಿಚಾರಿಸಬಹುದು.

೫. ಮಾನ್ಯತೆಯ ವಿಚಾರ

ಸರ್ಟಿಫೈಡ್ ಬೀಜದ ಚೀಲಕ್ಕೆ ಚೀಟಿಯಿರುವಂತೆ ಪದವಿಗೂ ಮಾನ್ಯತೆಯುಂಟು. ಈ ಮಾನ್ಯತೆಯು ವಿಶ್ವವಿದ್ಯಾನಿಲಯದ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡಿರತಕ್ಕದ್ದಲ್ಲ. ದೂರಶಿಕ್ಷಣದಲ್ಲಿ ಪ್ರತಿಯೊಂದು ವ್ಯಾಸಂಗಕ್ಕೂ ಇಂಥಿಂಥ ವರ್ಷಗಳಿಗೆಂದು ಕೊಡಲ್ಪಡುತ್ತದೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೇ ೨೦೧೩-೧೪ರಿಂದ ಕೆಲವು ವರ್ಷಗಳ ಕಾಲ ಆಯೋಗದ ಮಾನ್ಯತೆಯಿರಲಿಲ್ಲ. ೨೦೧೮-೧೯ರಿಂದ ಅದು ಪುನಃ ದೊರೆಯಿತು. ನಡುವಿನ ಅವಧಿಯಲ್ಲಿ ಸೇರಿದ್ದವರು ಪಟ್ಟ ಬವಣೆಯು ಇನ್ನೂ ನೆನಪಿನಲ್ಲಿದೆ. ಆದುದರಿಂದ ತಾವು ಸೇರುವ ವರ್ಷಕ್ಕೆ, ತಾವು ಸೇರುವ ವ್ಯಾಸಂಗಕ್ಕೆ ಮಾನ್ಯತೆಯಿದೆಯೇ ಎಂಬುದನ್ನು ಆಯೋಗದ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ನೋಡಿದ ಮೇಲೆಯೇ ಶುಲ್ಕವನ್ನು ಕಟ್ಟಬೇಕು. ಮಾನ್ಯತೆಯುಳ್ಳ ದೂರಶಿಕ್ಷಣದ ಪದವಿಯು ಕಾಲೇಜಿನ ಪದವಿಗೆ ಸಮಾನವೆಂದು ಆಯೋಗದವರು ೨೦೨೨ರಲ್ಲಿ ಸ್ಪಷ್ಟಪಡಿಸಿದ್ದಾರೆ. ಪರೀಕ್ಷೆಯಿಲ್ಲದೆ ಹಿಂದಿನ ವರ್ಷದ ತಾರೀಖಿನಲ್ಲಿ ಪದವಿಪತ್ರ ಕೊಡಿಸುವೆವೆಂಬ ಮಧ್ಯವರ್ತಿಗಳ ಮಾತಿಗೆ ಒಳಗಾದವನು ಹಣವನ್ನಲ್ಲದೆ ಈಗಿರುವ ಕೆಲಸವನ್ನೂ ಕಳೆದುಕೊಳ್ಳುವನು.

೬. ಖರ್ಚು ವೆಚ್ಚದ ಲೆಕ್ಕ

ಶುಲ್ಕವೊಂದನ್ನೇ ಖರ್ಚೆಂದು ತಿಳಿಯುವುದು ಸರಿಯಲ್ಲ. ಲೆಕ್ಕದ ಕ್ರಮವನ್ನು ತೋರಿಸುವುದಕ್ಕಾಗಿ ಮಾತ್ರ ಒಂದು ಕಲ್ಪಿತ ಉದಾಹರಣೆಯನ್ನು ಕೊಡುತ್ತೇವೆ. ಎರಡು ವರ್ಷದ ವ್ಯಾಸಂಗಕ್ಕೆ:

ಶುಲ್ಕ — ರೂ. ೩೦,೦೦೦
ಪುಸ್ತಕ ಮತ್ತು ಪ್ರಯಾಣ — ರೂ. ೧೦,೦೦೦
ಕೆಲಸ ತಪ್ಪಿದ ೫೦ ದಿನಗಳು, ದಿನಕ್ಕೆ ರೂ. ೬೦೦ರಂತೆ — ರೂ. ೩೦,೦೦೦
ಒಟ್ಟು — ರೂ. ೭೦,೦೦೦

ಪದವಿಯಿಂದ ತಿಂಗಳಿಗೆ ರೂ. ೧,೫೦೦ ಹೆಚ್ಚು ಬರುವುದಾದರೆ ವರ್ಷಕ್ಕೆ ರೂ. ೧೮,೦೦೦; ಹಾಕಿದ ಹಣವು ಹಿಂದಿರುಗಲು ಸುಮಾರು ನಾಲ್ಕು ವರ್ಷ. ೪೫ ವಯಸ್ಸಿನಲ್ಲಿ ಸೇರಿ ೪೭ಕ್ಕೆ ಮುಗಿಸಿ ೬೦ಕ್ಕೆ ನಿವೃತ್ತನಾಗುವವನಿಗೆ ೧೩ ವರ್ಷಗಳು ಉಳಿಯುವುದರಿಂದ ಲಾಭವೇ ಸರಿ. ೫೪ರಲ್ಲಿ ಸೇರುವವನಿಗೆ ಉಳಿಯುವುದು ನಾಲ್ಕೇ ವರ್ಷ. ಅವನು ಜ್ಞಾನಕ್ಕಾಗಿ ಓದಬಹುದೇ ಹೊರತು ಲಾಭಕ್ಕಾಗಿ ಅಲ್ಲ. ಸಂಬಳವು ಹೆಚ್ಚುವುದೆಂಬ ಭರವಸೆಯೇ ಇಲ್ಲದ ಪಕ್ಷದಲ್ಲಿ ಲೆಕ್ಕವು ಮೊದಲನೆಯ ಸಾಲಿನಲ್ಲಿಯೇ ನಿಲ್ಲುತ್ತದೆ.

ವಯಸ್ಕರ ವ್ಯಾಸಂಗಕ್ಕಾಗಿ ಕಾಲುವೆಯ ಕೆಳಗಿನ ಗದ್ದೆಯನ್ನು ಮಾರುವುದನ್ನು ಮಾತ್ರ ಯಾವ ಸಂದರ್ಭದಲ್ಲಿಯೂ ಒಪ್ಪತಕ್ಕದ್ದಲ್ಲ. ಶುಲ್ಕವು ವರ್ಷವರ್ಷಕ್ಕೆ ಕಟ್ಟತಕ್ಕದ್ದು. ಒಂದು ವರ್ಷದ ಬೆಳೆಯಿಂದ ಒಂದು ವರ್ಷದ ಶುಲ್ಕವು ಹೊರಡದಿದ್ದರೆ ಆ ವ್ಯಾಸಂಗವು ಆ ಮನೆಯ ಶಕ್ತಿಗೆ ಮೀರಿದುದೆಂದೇ ತಿಳಿಯಬೇಕು. ಹಾಸಿಗೆಯಿದ್ದಷ್ಟು ಕಾಲು ಚಾಚುವುದು ಇಲ್ಲಿಯೂ ಸಲ್ಲುವ ಮಾತು. ಒಬ್ಬನ ಪದವಿಯು ಅವನೊಬ್ಬನದು. ಗದ್ದೆಯಾದರೋ ಅಣ್ಣತಮ್ಮಂದಿರೆಲ್ಲರದು ಮತ್ತು ಅವರ ಮಕ್ಕಳದು.

೭. ಕಾಲದ ಹೊಂದಾಣಿಕೆ

ಮುಕ್ತ ವಿಶ್ವವಿದ್ಯಾನಿಲಯಗಳಲ್ಲಿ ಜುಲೈ ಮತ್ತು ಜನವರಿ ಎಂಬ ಎರಡು ಆವೃತ್ತಿಗಳಲ್ಲಿ ಪ್ರವೇಶವುಂಟು. ನಮ್ಮ ಬಯಲಿನಲ್ಲಿ ಮುಂಗಾರಿನ ನೀರು ಬಂದ ಮೇಲೆ ಒಟ್ಟಲು ಪಾತಿ, ನಾಟಿ, ಕಳೆಗಳೂ, ವರ್ಷದ ಕೊನೆಯಲ್ಲಿ ಕೊಯ್ಲು, ಒಕ್ಕಣೆಗಳೂ ಬರುತ್ತವೆ. ಸೇರುವ ಮುಂಚೆ ಸಂಪರ್ಕ ತರಗತಿಗಳೂ ಪರೀಕ್ಷೆಗಳೂ ಯಾವ ತಿಂಗಳುಗಳಲ್ಲಿ ನಡೆಯುತ್ತವೆಂದು ವಿಚಾರಿಸಿ, ನಾಟಿ ಮತ್ತು ಒಕ್ಕಣೆಗಳೊಡನೆ ಹೋಲಿಸಿ, ಘರ್ಷಣೆ ಕಡಮೆಯಿರುವ ಆವೃತ್ತಿಯನ್ನು ಆರಿಸಬೇಕು. ಹೊಸ ತಳಿಯನ್ನು ಮೊದಲು ಒಂದು ಮಡಿಯಲ್ಲಿ ಬೆಳೆದು ನೋಡುವ ಹಾಗೆ, ಬಹುಕಾಲ ಪುಸ್ತಕ ಹಿಡಿಯದವರು ಆರು ತಿಂಗಳ ಸರ್ಟಿಫಿಕೇಟ್ ವ್ಯಾಸಂಗವೊಂದನ್ನು ಮುಗಿಸಿ, ಓದುವ ಅಭ್ಯಾಸವು ನಿಲ್ಲುವುದೋ ಎಂದು ಪರೀಕ್ಷಿಸಿಕೊಂಡು ಮುಂದೆ ಹೋಗುವುದು ಕ್ಷೇಮ.

೮. ಮುಖಂಡರಲ್ಲಿ ವಿಜ್ಞಾಪನೆ

ಈ ವಿಷಯದಲ್ಲಿ ಸಲಹೆ ಕೇಳಲು ಬಂದವರಿಗೆ ಮುಖಂಡರು ಐದು ಪ್ರಶ್ನೆಗಳನ್ನು ಹಾಕಬೇಕೆಂದು ಪ್ರಾರ್ಥಿಸುತ್ತೇವೆ: ಉದ್ದೇಶವೇನು? ಆ ಉದ್ದೇಶಕ್ಕೆ ಈ ಪದವಿಯೇ ಬೇಕೆಂದು ಯಾವ ನಿಯಮದಲ್ಲಿದೆ? ಈ ವರ್ಷಕ್ಕೆ ಮಾನ್ಯತೆಯಿದೆಯೇ? ಹಣವು ಯಾವ ಬೆಳೆಯಿಂದ ಬರುತ್ತದೆ? ನೀನು ತರಗತಿಗೆ ಹೋದ ದಿನ ನೀರು ಕಟ್ಟುವವರು ಯಾರು? ಐದಕ್ಕೂ ಸಮರ್ಪಕವಾದ ಉತ್ತರವಿದ್ದರೆ ವಯಸ್ಸನ್ನು ಎಣಿಸದೆ ಪ್ರೋತ್ಸಾಹಿಸಬೇಕು. ನಲವತ್ತರಲ್ಲಿ ಓದುವವನನ್ನು ಕಂಡು ನಗುವ ವಾಡಿಕೆಯನ್ನು ಊರಿನಿಂದ ತೊಲಗಿಸಬೇಕು. ಒಂದಕ್ಕಾದರೂ ಉತ್ತರವಿಲ್ಲದಿದ್ದರೆ ಒಂದು ವರ್ಷ ತಡೆಯುವಂತೆ ಹೇಳಬೇಕು. ತಡವಾಗಿ ಬಿತ್ತಿದ ಬೆಳೆಯು ಸ್ವಲ್ಪ ಕಡಮೆಯಾದೀತು. ಸಲ್ಲದ ನೆಲದಲ್ಲಿ ಬಿತ್ತಿದರೆ ಬೀಜವೂ ಉಳಿಯುವುದಿಲ್ಲ.