ಮುಖವಸ್ತ್ರವೂ ಏದುಸಿರೂ

ಮೈಮುರಿದು ದುಡಿಯುವವನು, ಇಲ್ಲವೆ ಎದೆಯೊಡೆಯುವಂತೆ ಓಡುವವನು, ಬಾಯಿ ಮೂಗುಗಳಿಗೆ ಬಟ್ಟೆ ಕಟ್ಟಿಕೊಂಡರೆ ಅವನ ಶಕ್ತಿ ಕುಂದುವುದೆ? ಕುಂದುವುದಾದರೆ ಎಷ್ಟು? 2020ನೆಯ ಇಸವಿಯಲ್ಲಿ ಕೊರೋನಾ ಜಾಡ್ಯ ಹಬ್ಬಿ, ಮುಖವಸ್ತ್ರವಿಲ್ಲದೆ ಬೀದಿಗೆ ಕಾಲಿಡಕೂಡದೆಂದು ಸರಕಾರದ ಅಪ್ಪಣೆಯಾದಾಗ, ಈ ಪ್ರಶ್ನೆ ನನ್ನ ಕಿವಿಗೆ ಮೊದಲು ಬಿದ್ದದ್ದು ಕಾಲೇಜಿನ ಹುಡುಗರ ಬಾಯಿಂದ. ಚಿಕ್ಕೋಡಿ, ರಾಯಬಾಗ, ಅಥಣಿಗಳ ಸುತ್ತಿನ ಹಳ್ಳಿಗಳಲ್ಲಿ ಸೈನ್ಯ ಸೇರುವ ಹಂಬಲವುಳ್ಳ ತರುಣರಿಗೆ ಕೊರತೆಯಿಲ್ಲ. ಭರ್ತಿಯ ಮೈದಾನದಲ್ಲಿ 1.6 ಕಿಲೋಮೀಟರು ದೂರವನ್ನು ಐದೂವರೆ ನಿಮಿಷದೊಳಗೆ ಮುಗಿಸಿದವನಿಗೆ ಪೂರ್ಣ ಅಂಕ ಸಿಗುತ್ತಿತ್ತು. ಅರ್ಧ ನಿಮಿಷದ ಹೆಚ್ಚುಕಡಿಮೆಯಲ್ಲಿ ಒಂದು ಮನೆತನದ ಬದುಕೇ ಈ ಕಡೆಗೋ ಆ ಕಡೆಗೋ ಹೊರಳುವ ಓಟ ಅದು. ಅಂತಹ ಹುಡುಗರು ನಸುಕಿನಲ್ಲಿ ಮುಸುಕು ಹಾಕಿಕೊಂಡು ಓಡಿ ಬಂದು, "ಸರ್, ಇದರಿಂದ ನಮ್ಮ ದಮ್ಮು ಕಡಿಮೆಯಾಗತದೇನ್ರಿ?" ಎಂದು ಕೇಳಿದರೆ, ಕನ್ನಡ ಕಲಿಸುವ ಮೇಷ್ಟರು ಏನು ಹೇಳಬೇಕು? ಮುಧೋಳದ ರನ್ನನ ದುರ್ಯೋಧನನಿಗಾದರೋ ಜಲಮಂತ್ರದ ಬಲವಿತ್ತು. ಸರೋವರದ ತಳದಲ್ಲಿಯೂ ಅವನು ಇರಬಲ್ಲವನಾಗಿದ್ದ. ನಮ್ಮ ಹುಡುಗರಿಗೆ ಇರುವುದು ಎರಡು ಶ್ವಾಸಕೋಶ ಮಾತ್ರ. ಆದುದರಿಂದ ಬಲ್ಲವರು ಬರೆದುದನ್ನು ಓದಿ, ತಿಳಿದಷ್ಟನ್ನು ಅವರಿಗೆ ಹೇಳಿದೆ. ಆ ಓದು ನನ್ನನ್ನು ಕೊನೆಗೆ ಓಟದ ಮೈದಾನದಿಂದ ನಿಪ್ಪಾಣಿಯ ತಂಬಾಕಿನ ವಖಾರಿಗಳ ಬಾಗಿಲಿಗೆ ತಂದು ನಿಲ್ಲಿಸಿತು.

ಮೊದಲು ಉಸಿರಿನ ಲೆಕ್ಕ. ಸುಮ್ಮನೆ ಕುಳಿತ ಮನುಷ್ಯ ನಿಮಿಷಕ್ಕೆ ಆರೆಂಟು ಲೀಟರು ಗಾಳಿಯನ್ನು ಒಳಗೆಳೆದುಕೊಳ್ಳುತ್ತಾನೆ. ಅದೇ ಮನುಷ್ಯ ಕೈಲಾದ ಮಟ್ಟಿಗೂ ಓಡಿದನೆಂದರೆ ಆ ಮೊತ್ತ ನೂರು ಲೀಟರನ್ನು ದಾಟುತ್ತದೆ. ಪಳಗಿದ ಓಟಗಾರರಲ್ಲಿ ನೂರೈವತ್ತನ್ನೂ ಮೀರುವುದುಂಟು. ಅಷ್ಟು ಗಾಳಿಗೆ ಮೂಗಿನ ದಾರಿ ಸಾಲದಾಗಿ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಬಟ್ಟೆಯ ತೊಡಕು ಎದುರಾಗುವುದು ಇಲ್ಲಿ. ಎಂಟು ಲೀಟರನ್ನು ಸಲೀಸಾಗಿ ಬಿಡುವ ನೇಯ್ಗೆ ನೂರು ಲೀಟರಿಗೆ ಅಡ್ಡ ನಿಲ್ಲುತ್ತದೆ. 2021ರಲ್ಲಿ ಕೊಗನೊಳ್ಳಿಯ ತಪಾಸಣೆ ನಾಕೆಯಲ್ಲಿ ವಾಹನದೊಳಗೆ ಮೂಗು ಮುಚ್ಚಿಕೊಂಡು ಗಂಟೆಗಟ್ಟಲೆ ಕುಳಿತವರಿಗೆ ಬೇಸರವಾಗಿರಬಹುದು. ಉಸಿರಿಗೆ ಮಾತ್ರ ಹೇಳಿಕೊಳ್ಳುವಂತಹ ಬಾಧೆಯಿರಲಿಲ್ಲ.

ಆಗ ಒಂದು ಭಯ ಊರೆಲ್ಲ ಹರಡಿತ್ತು: ಮುಖವಸ್ತ್ರ ಪ್ರಾಣವಾಯುವನ್ನೇ ತಡೆಯುತ್ತದೆ ಎಂದು. ಇದು ಸಲ್ಲದ ಮಾತು. ಪ್ರಾಣವಾಯುವಿನ ಕಣದ ಮುಂದೆ ಬಟ್ಟೆಯ ರಂಧ್ರವೆಂದರೆ ಊರ ಅಗಸೆಯ ಮುಂದೆ ಇರುವೆ ಇದ್ದಂತೆ. ಕಣಕ್ಕೆ ತಡೆಯಿಲ್ಲ; ತಡೆಯಿರುವುದು ರಭಸದಿಂದ ನುಗ್ಗುವ ಗಾಳಿಯ ಪ್ರವಾಹಕ್ಕೆ. ಆ ತಡೆಯನ್ನು ಗೆಲ್ಲಲು ಎದೆಯ ಸ್ನಾಯುಗಳು ಹೆಚ್ಚು ದುಡಿಯಬೇಕಾಗುತ್ತದೆ. ಬಿಟ್ಟ ಉಸಿರಿನ ಇಂಗಾಲಾಮ್ಲ ಸ್ವಲ್ಪ ಮಟ್ಟಿಗೆ ಮುಸುಕಿನೊಳಗೇ ಉಳಿದು ಮರಳಿ ಒಳಹೋಗುತ್ತದೆ. ಮುಖದ ಬಳಿ ಕಾವೂ ತೇವವೂ ಕೂಡಿ, 'ಉಸಿರು ಸಾಲದು' ಎಂಬ ಸಂಕಟವನ್ನು ಮನಸ್ಸಿಗೆ ಮುಟ್ಟಿಸುತ್ತವೆ. ಸಂಕಟ ಒಂದು, ಶಕ್ತಿಹಾನಿ ಇನ್ನೊಂದು. ಆದರೂ ಓಡುವವನ ಮಟ್ಟಿಗೆ ಇವೆರಡರ ನಡುವಿನ ಗೆರೆ ಬಹಳ ತೆಳುವಾದುದು. ಸಂಕಟಪಟ್ಟವನು ಬೇಗ ನಿಲ್ಲುತ್ತಾನೆ.

ವಿದ್ವಾಂಸರ ಪರೀಕ್ಷೆಗಳೇ ಒಂದಕ್ಕೊಂದು ಒಪ್ಪಲಿಲ್ಲವೆಂಬುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. 2020ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಹನ್ನೆರಡು ಮಂದಿ ಆರೋಗ್ಯವಂತ ಗಂಡಸರನ್ನು ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಕೂರಿಸಿ, ಮುಸುಕಿಲ್ಲದೆ ಒಮ್ಮೆ, ಶಸ್ತ್ರಚಿಕಿತ್ಸೆಯ ಮುಸುಕಿನೊಡನೆ ಒಮ್ಮೆ, ಎನ್-95 ಜಾತಿಯ ಬಿಗಿ ಮುಸುಕಿನೊಡನೆ ಒಮ್ಮೆ, ಸುಸ್ತಾಗುವವರೆಗೂ ತುಳಿಸಿದರು. ಬಿಗಿ ಮುಸುಕಿನಲ್ಲಿ ದೇಹ ಪ್ರಾಣವಾಯುವನ್ನು ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ನೂರಕ್ಕೆ ಸುಮಾರು 13ರಷ್ಟು ಇಳಿಯಿತು. ಅದೇ ವರ್ಷ ಕೆನಡಾ ದೇಶದ ಸಸ್ಕಾಚೆವಾನ್ ವಿಶ್ವವಿದ್ಯಾಲಯದಲ್ಲಿ ಏಳು ಮಂದಿ ಗಂಡಸರನ್ನೂ ಏಳು ಮಂದಿ ಹೆಂಗಸರನ್ನೂ ಹೀಗೆಯೇ ದಣಿಸಿ ನೋಡಿದರು. ಅಲ್ಲಿ ಬಟ್ಟೆಯ ಮುಸುಕಾಗಲಿ ಶಸ್ತ್ರಚಿಕಿತ್ಸೆಯ ಮುಸುಕಾಗಲಿ ಸುಸ್ತಾಗುವ ಹೊತ್ತನ್ನು ಬದಲಿಸಲಿಲ್ಲ. ರಕ್ತದೊಳಗಿನ ಪ್ರಾಣವಾಯುವಿನ ಮಟ್ಟವೂ ಕುಸಿಯಲಿಲ್ಲ. ಲೈಪ್‌ಜಿಗ್‌ನಲ್ಲಿ ಉಸಿರನ್ನು ಅಳೆಯುವ ಯಂತ್ರದ ಕವಚವನ್ನು ಮುಸುಕಿನ ಮೇಲೆ ಒತ್ತಿ ಕೂರಿಸಿದ್ದರು. ಆದುದರಿಂದ ಗಾಳಿಯೆಲ್ಲ ಬಟ್ಟೆಯ ಮೂಲಕವೇ ಹಾಯಬೇಕಾಯಿತು. ಕೆನಡಾದವರು ಅಂತಹ ಕವಚ ಹಾಕದೆ ಇದ್ದುದರಿಂದ ಕೆನ್ನೆಯ ಬದಿಯ ಸಂದಿಗಳಲ್ಲಿ ಉಸಿರಿಗೆ ದಾರಿಯಿತ್ತು. ನನಗೆ ತೋರುವಂತೆ ಭೇದದ ಮರ್ಮದ ಬಹುಪಾಲು ಇಲ್ಲೇ ಇದೆ. ಗಾಳಿ ಸಲೀಸಾಗಿ ಆಡುವ ಮುಸುಕು ದಮ್ಮನ್ನು ಕೆಡಿಸದು, ಏಕೆಂದರೆ ಗಾಳಿಯ ಒಂದಂಶ ಅದರ ಬದಿಯಿಂದಲೇ ನುಸುಳುತ್ತಿರುತ್ತದೆ. ಬಿಗಿಯಾಗಿ ಕೂತು ನಿಜವಾಗಿ ಸೋಸುವ ಮುಸುಕಾದರೋ ದಮ್ಮಿನಿಂದ ತನ್ನ ಸುಂಕವನ್ನು ವಸೂಲು ಮಾಡಿಯೇ ತೀರುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಹುಡುಗರಿಗೆ ನಾನು ಹೇಳಿದ್ದು ಇಷ್ಟೆ: ಜನರಿಲ್ಲದ ಬಯಲಿನಲ್ಲಿ, ಒಬ್ಬರಿಂದೊಬ್ಬರು ದೂರವಿದ್ದು, ಮುಸುಕು ತೆಗೆದು ಓಡಿರಿ. ವಿಶ್ವ ಆರೋಗ್ಯ ಸಂಸ್ಥೆಯೂ 2020ರ ಜೂನ್ ತಿಂಗಳಲ್ಲಿ, ವ್ಯಾಯಾಮದ ಹೊತ್ತಿನಲ್ಲಿ ಮುಖವಸ್ತ್ರ ಬೇಡ, ಅಂತರವಿರಲಿ, ಬೆವರಿನಿಂದ ಬಟ್ಟೆ ಬೇಗ ತೊಯ್ದು ಉಸಿರು ಕಷ್ಟವಾಗುವುದೆಂದು ಹೇಳಿತ್ತು. ಕೃಷ್ಣೆಯ ದಂಡೆಯಲ್ಲಿ ಬಯಲಿಗೇನು ಬರವೆ!

ತಾಲೀಮುಗಳ ಪಾಡು ಬೇರೆ. ಕೊಲ್ಹಾಪುರದ ನೆರಳಿನಲ್ಲಿರುವ ನಮ್ಮ ಭಾಗಕ್ಕೆ ಕುಸ್ತಿಯ ಹುಚ್ಚು ಹಳೆಯದು. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನದ ಹೆಸರು ಹೇಳಿದರೆ ಇಲ್ಲಿನ ಮುದುಕರ ಕಣ್ಣು ಈಗಲೂ ಮಿನುಗುತ್ತದೆ. ಮುಖಕ್ಕೆ ಮುಖ ಕೊಟ್ಟು ಸೆಣಸುವ ಕಲೆಯಲ್ಲಿ ಅಂತರವೆಲ್ಲಿಯದು? ಮುಸುಕಾದರೂ ಮೊದಲ ಪಟ್ಟಿಗೇ ಕಿತ್ತುಹೋಗುವುದು. ಆ ಎರಡು ವರ್ಷ ಮಟ್ಟಿ ಒಣಗಿದ್ದೇ ಹೆಚ್ಚು. ಇದಕ್ಕೆ ಹೊಂದಿಕೊಂಡ ಒಂದು ತಮಾಷೆಯೂ ಉಂಟು. ಪೈಲವಾನರಲ್ಲಿ ಕೆಲವರು ಪೇಟೆಯಿಂದ ಕರಿಯ ರಬ್ಬರಿನ ಒಂದು ಮುಸುಕನ್ನು ತಂದು, ಅದನ್ನು ಕಟ್ಟಿಕೊಂಡು ಬೈಠಕ್ ಹೊಡೆದರೆ ಎತ್ತರದ ಪರ್ವತದಲ್ಲಿ ಸಾಧನೆ ಮಾಡಿದ ಫಲ ಬರುವುದೆಂದು ನಂಬುತ್ತಾರೆ. ಪರ್ವತದಲ್ಲಿ ಗಾಳಿಯೇ ತೆಳುವು. ಅದಕ್ಕೆ ಹೊಂದಿಕೊಳ್ಳಲು ರಕ್ತ ಮಾರ್ಪಡುತ್ತದೆ. ಈ ಮುಸುಕು ಗಾಳಿಯ ದಾರಿಯನ್ನು ಕಿರಿದು ಮಾಡುವುದೇ ಹೊರತು ಗಾಳಿಯನ್ನು ತೆಳ್ಳಗೆ ಮಾಡಲಾರದು. ಅಮೆರಿಕದ ವಿಸ್ಕಾನ್ಸಿನ್‌ನವರು ಇಪ್ಪತ್ತನಾಲ್ಕು ಮಂದಿಯ ಮೇಲೆ ಆರು ವಾರ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅದನ್ನು ಕಟ್ಟಿಕೊಂಡವರ ರಕ್ತದಲ್ಲಿ ಅಂತಹ ಮಾರ್ಪಾಟೇನೂ ಕಾಣಲಿಲ್ಲ. ವಸ್ತಾದರು ಆ ದುಡ್ಡನ್ನು ಹಾಲು ಬಾದಾಮಿಗೆ ಹಾಕಿಸಿದರೆ ಒಳಿತು.

ಇರಲಿ. ಓಟಗಾರನಿಗೂ ಪೈಲವಾನನಿಗೂ ಒಂದು ಭಾಗ್ಯವುಂಟು: ಬೇಡವಾದಾಗ ಮುಸುಕನ್ನು ಕಿತ್ತೊಗೆಯಬಹುದು, ದಣಿದಾಗ ನಿಲ್ಲಬಹುದು. ನಮ್ಮ ಸೀಮೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಏದುಸಿರು ಬಿಡುವವರಲ್ಲಿ ಹೆಚ್ಚಿನವರು ಈ ಭಾಗ್ಯವಿಲ್ಲದವರು. ಕೊರೋನಾ ಬರುವುದಕ್ಕೆ ಎಷ್ಟೋ ಮೊದಲಿನಿಂದ ಅವರು ಮುಸುಕಿನವರೇ. ಕಾಗವಾಡ ತಾಲೂಕಿನ ಉಗಾರ ಖುರ್ದದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದ ಮೇಲೆ ಈ ಭಾಗವೆಲ್ಲ ಕಬ್ಬಿನ ಕಡಲಾಗುತ್ತ ಬಂದಿದೆ. ಕಬ್ಬು ಕಡಿಯುವ ಗ್ಯಾಂಗಿನವರು ರುಮಾಲಿನ ತುದಿಯನ್ನು ಮೂಗಿಗೆ ಸುತ್ತಿ, ರವದಿಯ ಧೂಳಿನ ನಡುವೆ ಹೊರೆ ಹೊತ್ತು, ಇಳಿಜಾರಿಗೆ ಇಟ್ಟ ಹಲಗೆಯ ಮೇಲೆ ಟ್ರಾಕ್ಟರಿನ ಟ್ರೇಲರನ್ನು ಏರುವುದನ್ನು ನೋಡಿದವರು, ಇದಕ್ಕಿಂತ ಕಠಿಣವಾದ ವ್ಯಾಯಾಮವನ್ನು ಬೇರೆಲ್ಲಿ ಹುಡುಕಿಯಾರು? ಆದರೂ ಅವರು ದುಡಿಯುವುದು ಬಯಲ ಗಾಳಿಯಲ್ಲಿ. ನಿಪ್ಪಾಣಿಯ ವಖಾರಿಯೊಳಗೆ ಆ ಬಯಲೂ ಇಲ್ಲ.

ನಿಪ್ಪಾಣಿ ಬೀಡಿ ತಂಬಾಕಿನ ಪೇಟೆ. 1981ರಲ್ಲಿ ಯೋಗ್ಯ ಬೆಲೆಗಾಗಿ ತಂಬಾಕಿನ ರೈತರು ಹೆದ್ದಾರಿಯಲ್ಲಿ ಕುಳಿತು ಸತ್ಯಾಗ್ರಹ ಮಾಡಿದುದೂ, ಆ ಏಪ್ರಿಲ್ 6ರಂದು ಪೋಲೀಸರ ಗುಂಡಿಗೆ ರೈತರು ಬಲಿಯಾದುದೂ ನಾಡಿಗೆಲ್ಲ ತಿಳಿದ ಸಂಗತಿ. ಅದೇ ತಂಬಾಕನ್ನು ವಖಾರಿಯೊಳಗೆ ಹದಗೊಳಿಸುವ ಹೆಂಗಸರನ್ನು ಕುರಿತು ಅಷ್ಟು ಮಂದಿ ಬಲ್ಲರೆಂದು ಹೇಳಲಾರೆ. 'ಯುಗಾಂತರ' ಎಂಬ ಮಹಿಳೆಯರ ಚಿತ್ರತಂಡವೊಂದು, ಅವರು ಸಂಘಟಿತರಾಗಿ ನಿಂತ ಬಗೆಯನ್ನು 1982ರಲ್ಲಿ 'ತಂಬಾಕು ಚಾಕಿಲಾ ಊಬ ಆಲಿ' ಎಂಬ ಮರಾಠಿ ಸಾಕ್ಷ್ಯಚಿತ್ರವಾಗಿ ತೆಗೆಯಿತು. ಒಣಗಿದ ಎಲೆಯನ್ನು ಬಡಿದು ಪುಡಿಮಾಡಿ, ಸಾಣಿಗೆಯಲ್ಲಿ ಸಾಣಿಸಿ, ಕಡ್ಡಿಯನ್ನು ಬೇರ್ಪಡಿಸುವ ಕೆಲಸವೆಂದರೆ ತೋಳಿಗೂ ಬೆನ್ನಿಗೂ ಬಿಡುವಿಲ್ಲದ ಕೆಲಸ. ಪ್ರತಿಯೊಂದು ಪೆಟ್ಟಿಗೂ ಖಾರವಾದ ಧೂಳು ಏಳುತ್ತದೆ. ಆ ಧೂಳಿನಲ್ಲಿ ನಿಕೋಟಿನ್ ಉಂಟು. ತಲೆಸುತ್ತು, ಓಕರಿಕೆ, ಕೆಮ್ಮುಗಳನ್ನು ಅದು ತರುತ್ತದೆ. ಇದಕ್ಕೆಲ್ಲ ಅವರ ರಕ್ಷೆ ಸೀರೆಯ ಸೆರಗು, ಇಲ್ಲವೆ ಹಳೆಯ ಬಟ್ಟೆಯ ಒಂದು ತುಂಡು.

ಲೈಪ್‌ಜಿಗ್‌ನ ಹನ್ನೆರಡು ಮಂದಿ ಕಲಿಸಿದ ಪಾಠವನ್ನು ಈಗ ಇಲ್ಲಿಗೆ ತರೋಣ. ಸೆರಗಿನ ಸಡಿಲ ನೇಯ್ಗೆ ಉಸಿರನ್ನು ಬಿಡುತ್ತದೆ. ಆದುದರಿಂದಲೇ ನುಣ್ಣನೆಯ ಧೂಳನ್ನೂ ಬಿಡುತ್ತದೆ. ಬೆವರು ಇಳಿದಂತೆ ಬಟ್ಟೆ ತೊಯ್ದು ಮುಖಕ್ಕೆ ಅಂಟುತ್ತದೆ, ನೂಲಿನ ನಡುವಣ ರಂಧ್ರಗಳು ನೀರಿನಿಂದ ಮುಚ್ಚುತ್ತವೆ, ಉಸಿರು ಬಿಗಿಯುತ್ತದೆ. ಕೆಲಸ ಬಿರುಸಾದಷ್ಟೂ ಗಾಳಿ ಹೆಚ್ಚು ಬೇಕು, ಬಾಯಿ ತೆರೆಯಬೇಕು, ಬಾಯಿ ತೆರೆದೊಡನೆ ಮೂಗೆಂಬ ಸಹಜವಾದ ಶೋಧಕವೂ ತಪ್ಪಿಹೋಯಿತು. ಕೂಲಿ ತೂಕದ ಮೇಲೆ ನಿಂತದ್ದಾದರೆ ನಿಧಾನಿಸುವಂತೆಯೂ ಇಲ್ಲ. ಕೊನೆಗೆ ಅವಳು ಸೆರಗನ್ನು ಗಲ್ಲಕ್ಕೆ ಜಾರಿಸುತ್ತಾಳೆ. ಅದನ್ನು ಅಜ್ಞಾನವೆಂದೋ ಅಸಡ್ಡೆಯೆಂದೋ ಹಳಿಯುವವರನ್ನು ನಾನು ಕಂಡಿದ್ದೇನೆ. ಲೈಪ್‌ಜಿಗ್‌ನ ತರುಣರಿಗೆ ದಣಿದೊಡನೆ ಸೈಕಲ್ಲಿನಿಂದ ಇಳಿಯುವ ಸ್ವಾತಂತ್ರ್ಯವಿತ್ತು. ಇವಳಿಗಿರುವ ಸ್ವಾತಂತ್ರ್ಯ ಸೆರಗನ್ನು ಜಾರಿಸುವುದೊಂದೇ.

ಹಾಗಾದರೆ ಎಲ್ಲರಿಗೂ ಎನ್-95 ಹಂಚಿದರಾಯಿತಲ್ಲ ಎನ್ನುವ ಉದಾರಿಗಳೂ ಉಂಟು. ಧೂಳನ್ನು ಅದು ಸೋಸುವುದು ನಿಜ. ಆದರೆ ಬಿಗಿ ಮುಸುಕಿನ ಸುಂಕವನ್ನು ಕೊಡುವವರಾರು? ಚೆನ್ನಾಗಿ ಉಂಡುಬೆಳೆದ ತರುಣನ ಕಸುವಿನಲ್ಲೇ ನೂರಕ್ಕೆ ಹದಿಮೂರನ್ನು ಕಿತ್ತುಕೊಂಡದ್ದು, ಕಾವೇರಿದ ತಗಡಿನ ಮಾಡಿನಡಿಯಲ್ಲಿ ಐವತ್ತರ ಹೆಂಗಸಿನಿಂದ ಎಷ್ಟನ್ನು ಕಿತ್ತುಕೊಂಡೀತು? ಮುಸುಕನ್ನು ಕೊಡುವವನು ಅದರೊಡನೆ ಗಂಟೆಗೊಮ್ಮೆ ಹೊರಗೆ ಬಂದು ಅದನ್ನು ಕಳಚಿ ಕೂರುವ ಬಿಡುವನ್ನೂ, ಬಿಡುವಿನ ಕೂಲಿಯನ್ನೂ, ತೊಯ್ದುದಕ್ಕೆ ಬದಲು ಒಣಗಿದ ಇನ್ನೊಂದನ್ನೂ ಕೊಡಬೇಕು. ಅಷ್ಟನ್ನು ಕೊಡದೆ ಬರಿಯ ಮುಸುಕನ್ನು ಕೊಟ್ಟರೆ ಅದು ಗೋಡೆಯ ಗೂಟಕ್ಕೆ ಒಡವೆಯಾಗುತ್ತದೆ.

ಧೂಳಿಗೆ ಮದ್ದನ್ನು ಧೂಳು ಏಳುವಲ್ಲಿಯೇ ಇಡಬೇಕೆಂಬುದು ಹೊಸ ಮಾತೇನೂ ಅಲ್ಲ. 1948ರ ಕಾರ್ಖಾನೆ ಕಾಯಿದೆಯ 14ನೆಯ ಕಲಮು, ಕೆಲಸಗಾರರು ಧೂಳನ್ನು ಉಸಿರಾಡದಂತೆ ಪರಿಣಾಮಕಾರಿಯಾದ ಏರ್ಪಾಡು ಇರಬೇಕೆಂದೂ, ಅದನ್ನು ಹೀರಿ ಹೊರಹಾಕುವ ಯಂತ್ರ ಬೇಕಾದಲ್ಲಿ ಧೂಳು ಹುಟ್ಟುವ ಜಾಗಕ್ಕೆ ಆದಷ್ಟು ಹತ್ತಿರವಾಗಿ ಅದನ್ನು ಕೂರಿಸಬೇಕೆಂದೂ ಆಗಲೇ ವಿಧಿಸಿತ್ತು. ಸಾಣಿಗೆಗೆ ಒಂದು ಮುಚ್ಚಳ, ಅದರ ಮೇಲೊಂದು ಕೊಳವೆ, ಕೊಳವೆಯ ತುದಿಗೊಂದು ಪಂಕ, ಪಂಕ ಉಗುಳಿದುದನ್ನು ಹಿಡಿಯಲು ಬಟ್ಟೆಯ ಚೀಲ. ತೊಯ್ದರೆ ತೊಯ್ಯಲಿ, ಬಿಗಿದರೆ ಬಿಗಿಯಲಿ, ಆ ಚೀಲವೇನೂ ಉಸಿರಾಡಬೇಕಾಗಿಲ್ಲ.